ಕಾಯಿಲೆ ವಾಸಿ ಅಂತಾರೆ, ತೃಪ್ತಿ ಇದೆಯಾ ಅಂದ್ರೆ ಉತ್ತರ ಬರ್ತಿಲ್ಲ

ಗಣಿತ ಮೇಷ್ಟ್ರು, ಕೋಲಾರ (ನವೆಂಬರ್ 22, ರಾತ್ರಿ 10:40)

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಇಲ್ಲಿ ಬರೀ ಓದ್ತಾ ಇದ್ದೆ, ಇವತ್ತು ಬರೀತಿದ್ದೀನಿ. ವಯಸ್ಸು 43. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡ್ತೀನಿ.

ಕಳೆದ ವರ್ಷ ಸಂಕ್ರಾಂತಿ ಆದಮೇಲೆ ಶುರುವಾಯ್ತು. ಬೆಳಗಿನ ಜಾವ ಮೂರೂವರೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಬೋರ್ಡಿನ ಮುಂದೆ ನಿಂತು, ಸಾವಿರ ಸಲ ಮಾಡಿದ ಪ್ರಮೇಯ ಅರ್ಧಕ್ಕೆ ಮರೆತುಹೋಗೋದು. ಮನೆಯಲ್ಲಿ ಮೊದಲು ‘ಬೇಜಾರು’ ಅಂದ್ರು, ಆಮೇಲೆ ‘ಮಂಕು ಕವಿದಿದೆ’ ಅಂದ್ರು, ಅಕ್ಕ ಒಂದು ತಾಯತ ಕಟ್ಟಿಸಿದಳು. ಏಪ್ರಿಲ್‌ನಲ್ಲಿ ಮನೋವೈದ್ಯರ ಹತ್ರ ಹೋದೆ. ಅವರು ಖಿನ್ನತೆ ಅಂತ ಹೆಸರಿಟ್ಟರು. ಒಂಬತ್ತು ಪ್ರಶ್ನೆಯ ಹಾಳೆ ಕೊಟ್ಟು ತುಂಬಿಸಿದರು, 27ಕ್ಕೆ 19 ಬಂತು. ಜಾಸ್ತಿ ಬಂದಷ್ಟೂ ಕಾಯಿಲೆ ಜಾಸ್ತಿ.

ಈಗ ಅದೇ ಹಾಳೆಯಲ್ಲಿ 4. ಐದಕ್ಕಿಂತ ಕಡಿಮೆ ಇದ್ದರೆ ಕಾಯಿಲೆ ತಗ್ಗಿದೆ ಅಂತ ಲೆಕ್ಕ, ಮಾತ್ರೆ ಇನ್ನೂ ಸ್ವಲ್ಪ ಕಾಲ ಮುಂದುವರಿಸಿ ಅಂದ್ರು. ನಿದ್ದೆ ಬರ್ತಿದೆ. ಪಾಠ ಮಾಡ್ತಿದ್ದೀನಿ. ಹಸಿವಾಗುತ್ತೆ.

ಹೋದ ವಾರ, ಮನಃಶಾಸ್ತ್ರ ಓದ್ತಿರೋ ಅಣ್ಣನ ಮಗಳು ಇನ್ನೊಂದು ಹಾಳೆ ತಂದಳು. ಬದುಕಿನ ತೃಪ್ತಿ ಅಳೆಯೋದಂತೆ. ಐದೇ ವಾಕ್ಯ, ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ಇದರಲ್ಲಿ ಜಾಸ್ತಿ ಬಂದರೆ ಒಳ್ಳೆಯದು. ನನಗೆ 35ಕ್ಕೆ 15 ಬಂತು.

ಎರಡು ಹಾಳೆ, ಮನುಷ್ಯ ಒಬ್ಬನೇ. ಒಂದರಲ್ಲಿ ಪಾಸು, ಇನ್ನೊಂದರಲ್ಲಿ ಫೇಲು. ನನ್ನ ಹೆಂಡತಿ ಹತ್ತು ತಿಂಗಳು ನನ್ನ ಪಕ್ಕ ಕೂತು ಕಾದಿದ್ದಾಳೆ. ಅವಳು ‘ಈಗ ಚೆನ್ನಾಗಿದ್ದೀರ ಅಲ್ವಾ’ ಅಂದಾಗ ‘ಹ್ಞೂಂ’ ಅಂತೀನಿ. ಸುಳ್ಳಲ್ಲ ಅದು. ಆದರೆ ಪೂರ್ತಿ ನಿಜವೂ ಅಲ್ಲ. ಇದು ಕಾಯಿಲೆಯ ಬಾಕಿಯೋ, ನನ್ನ ಕೃತಘ್ನತೆಯೋ, ಇಲ್ಲಾ ಎಲ್ಲರ ಬದುಕೂ ಇಷ್ಟೇನೋ? ಈ ದಾರಿಯಲ್ಲಿ ನನಗಿಂತ ಮುಂದೆ ಹೋಗಿರೋರು ಹೇಳಿ.

ಮಾರಿಕುಪ್ಪಂ ರೈಲು, ಕೆಜಿಎಫ್ (ನವೆಂಬರ್ 22, ರಾತ್ರಿ 11:15)

ಮೇಷ್ಟ್ರೇ, ಕೃತಘ್ನತೆ ಅನ್ನೋ ಪದ ಮೊದಲು ಅಳಿಸಿಹಾಕಿ. ನನಗೂ ಅದೇ ಪದ ಒಂದು ವರ್ಷ ಕಾಟ ಕೊಟ್ಟಿತು. ನಾಳೆ ವಿವರವಾಗಿ ಬರೀತೀನಿ, ಬೆಳಗ್ಗೆ ರೈಲಿದೆ.

ಆವಣಿ ಬೆಟ್ಟ (ನವೆಂಬರ್ 23, ಬೆಳಗ್ಗೆ 6:05)

ಸರ್, ತಪ್ಪು ತಿಳಿಯಬೇಡಿ. ತೃಪ್ತಿ ಹಾಳೆಯಲ್ಲಿ ಅಳೆಯುವಂಥದ್ದಲ್ಲ. ನಮ್ಮ ಹಿರಿಯರು ಒಂದು ಹೊತ್ತು ಮುದ್ದೆ, ಉಪ್ಪುಸಾರು ಉಂಡು ತೃಪ್ತಿಯಿಂದ ಇದ್ದರು. ಆಸೆ ಕಡಿಮೆ ಮಾಡಿಕೊಂಡರೆ ತೃಪ್ತಿ ತಾನಾಗಿ ಬರುತ್ತದೆ. ಬೆಳಗ್ಗೆ ಬೇಗ ಎದ್ದು ಬೆಟ್ಟ ಹತ್ತಿ, ಧ್ಯಾನ ಮಾಡಿ. ನಿಮಗೆ ಒಳ್ಳೆಯದಾಗಲಿ.

ರೇಷ್ಮೆಗೂಡು, ಶಿಡ್ಲಘಟ್ಟ (ನವೆಂಬರ್ 23, ಮಧ್ಯಾಹ್ನ 2:20)

ಆವಣಿ ಬೆಟ್ಟ ಅಣ್ಣ, ನೀವು ಒಳ್ಳೆ ಮನಸ್ಸಿನಿಂದಲೇ ಬರೆದಿದ್ದೀರಿ. ಆದರೆ ಕಾಯಿಲೆ ಜೋರಾಗಿದ್ದಾಗ ನನಗೆ ಆಸೆಯೇ ಇರಲಿಲ್ಲ. ಸೀರೆ ಬೇಡ, ಊಟ ಬೇಡ, ಮಕ್ಕಳ ಮುಖ ನೋಡೋ ಆಸೆಯೂ ಇಲ್ಲ. ಆಸೆ ಸತ್ತರೆ ತೃಪ್ತಿ ಬರೋ ಹಾಗಿದ್ದರೆ ಆ ಎಂಟು ತಿಂಗಳು ನನ್ನಷ್ಟು ತೃಪ್ತಿ ಇದ್ದೋರು ಈ ತಾಲ್ಲೂಕಿನಲ್ಲೇ ಇರುತ್ತಿರಲಿಲ್ಲ. ವಾಸಿ ಆಗ್ತಿದೆ ಅಂತ ನನಗೆ ಗೊತ್ತಾಗಿದ್ದೇ ಒಂದು ಆಸೆಯಿಂದ. ಆಸ್ಪತ್ರೆಯಿಂದ ಬರ್ತಾ ಚೌಕದಲ್ಲಿ ಬಜ್ಜಿ ಕರೀತಿದ್ರು, ತಿನ್ನಬೇಕು ಅನ್ನಿಸ್ತು. ಬಸ್ಸಲ್ಲಿ ಕೂತು ಬಜ್ಜಿ ತಿಂತಾ ಅತ್ತುಬಿಟ್ಟೆ.

ಮೇಷ್ಟ್ರೇ, ನಿಮಗೆ ನನ್ನ ಅನುಭವ ಹೇಳ್ತೀನಿ. ನಮ್ಮದು ಒಂದೂಕಾಲು ಎಕರೆ ಹಿಪ್ಪುನೇರಳೆ ತೋಟ. ಹುಳು ಮನೆ ನಾನೇ ನೋಡ್ಕೊಳ್ಳೋದು. ಕಾಯಿಲೆ ಜೋರಾಗಿದ್ದಾಗ ಒಂದು ಬೆಳೆ ಕೆಟ್ಟುಹೋಯ್ತು. ಹುಳು ನಾಲ್ಕನೇ ಜ್ವರ (ಪೊರೆ ಬಿಡೋ ನಿದ್ದೆಗೆ ನಾವು ಹಾಗನ್ನೋದು) ಎದ್ದು ಮೇಯೋ ಹೊತ್ತು, ದಿನಕ್ಕೆ ಎಷ್ಟು ಸೊಪ್ಪು ಹಾಕಿದ್ರೂ ಸಾಲಲ್ಲ. ನಾನು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ನಮ್ಮ ಯಜಮಾನರು ಒಬ್ಬರೇ ಏನು ಮಾಡೋಕಾಗುತ್ತೆ? ಅರ್ಧಕ್ಕರ್ಧ ಹುಳು ತಿಪ್ಪೆಗೆ ಹೋಯ್ತು. ಆ ದಿನ ಅತ್ತೆ ‘ಸೋಮಾರಿತನ’ ಅಂದ ಮಾತು ಇವತ್ತಿಗೂ ಕಿವಿಯಲ್ಲಿದೆ.

ಮಾತ್ರೆ ಶುರು ಮಾಡಿ ಐದಾರು ವಾರ ಆದಮೇಲೆ ಸಮಾಲೋಚಕಿ ಮೇಡಂ ಹೇಳಿದ್ರು, ‘ಮನಸ್ಸು ಬಂದಮೇಲೆ ಎದ್ದೇಳ್ತೀನಿ ಅಂತ ಕಾಯಬೇಡಿ, ಎದ್ದೇಳಿ, ಮನಸ್ಸು ಹಿಂದೆ ಬರುತ್ತೆ. ಆದರೆ ಸಣ್ಣದರಿಂದ ಶುರು ಮಾಡಿ.’ ನಾನು ನೂರು ಮೊಟ್ಟೆಯ ಜಾಗದಲ್ಲಿ ಐವತ್ತು ಮೊಟ್ಟೆಯ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೆ ನಾವು ಒಂದು ಮೊಟ್ಟೆ ಅಂತೀವಿ) ಚಾಕಿ ಹುಳು, ಅಂದ್ರೆ ಮರಿ ಹುಳು ತರಿಸಿದೆ. ಹುಳು ನನ್ನ ಮನಸ್ಸಿಗೆ ಕಾಯೋದಿಲ್ಲ, ಹೊತ್ತಿಗೆ ಸೊಪ್ಪು ಬೇಕು. ಮೊದಲ ವಾರ ಯಾವ ಖುಷಿಯೂ ಇಲ್ಲ, ಕೈ ಕೆಲಸ ಮಾಡ್ತಿತ್ತು ಅಷ್ಟೇ. ಹಣ್ಣಾದ ಹುಳು ಆಯ್ದು ಗೂಡು ಕಟ್ಟೋ ತಟ್ಟಿಗೆ, ಚಂದ್ರಿಕೆಗೆ ಬಿಡೋ ದಿನ, ಹುಳು ತಲೆ ಎತ್ತಿ ಆಕಡೆ ಈಕಡೆ ಆಡಿಸ್ತಾ ನೂಲು ಬಿಡೋಕೆ ಜಾಗ ಹುಡುಕುತ್ತಲ್ಲ, ಅದನ್ನ ನೋಡ್ತಾ ಕೂತೇ ಇದ್ದೆ. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಗೂಡು ಮಾರ್ಕೆಟ್ಟಿಗೆ ಹಾಕಿದಾಗ ರೇಟು ಸಾಧಾರಣ. ಆದರೆ ಆ ಚೀಟಿ ಇನ್ನೂ ದೇವರ ಮನೆಯಲ್ಲಿ ಇಟ್ಟಿದ್ದೀನಿ.

ಇದಾಗಿ ಮೂರು ವರ್ಷ. ಕಾಯಿಲೆ ಹೋದಮೇಲೆ ತೃಪ್ತಿ ಬರೋಕೆ ನನಗೆ ಇನ್ನೂ ಹೆಚ್ಚುಕಮ್ಮಿ ಒಂದೂವರೆ ವರ್ಷ ಹಿಡೀತು. ನೀವಿನ್ನೂ ಅವಸರ ಮಾಡ್ತಿದ್ದೀರ ಅಂತ ನನಗನ್ನಿಸುತ್ತೆ.

ಟೊಮೆಟೊ ಬಾಕ್ಸ್, ಶ್ರೀನಿವಾಸಪುರ (ನವೆಂಬರ್ 23, ರಾತ್ರಿ 9:30)

ನಮ್ದು ಎಲ್ಲಾ ಹಣದ ಲೆಕ್ಕ ಅಂತ ಜನ ಅಂತಾರೆ. ಅದಕ್ಕೆ ಒಂದು ಮಾತು ಹೇಳ್ತೀನಿ. 2023ರ ಜುಲೈನಾಗೆ ಟೊಮೆಟೊ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿತ್ತು, ಎಲ್ರಿಗೂ ನೆನಪಿರ್ತದೆ. ಆ ಬೆಲೆ ಬಂದಾಗ ನಮ್ ತೋಟದಾಗೆ ಕಾಯಿ ಇತ್ತು. ಜನ್ಮದಾಗೆ ಕಾಣದಿರೋ ದುಡ್ಡು. ಬೋರ್‌ವೆಲ್ಲಿಗೆ ಅಂತ ಮಾಡಿದ್ದ ಸಾಲದಾಗೆ ಮುಕ್ಕಾಲು ಭಾಗ ತೀರ್ತು. ಮಂಡಿಯಿಂದ ಬಂದು ದುಡ್ಡು ಹೆಂಡ್ತಿ ಕೈಗೆ ಕೊಟ್ಟು ದನದ ಕೊಟ್ಟಿಗೆಯಾಗೆ ಹೋಗಿ ಕೂತ್ಕಂಡೆ. ಏನೂ ಅನ್ನಿಸ್ಲಿಲ್ಲ. ಭಯ ಆಗಿದ್ದೇ ಅವತ್ತು. ದುಡ್ಡಿಲ್ಲ ಅಂತ ಬೇಜಾರು ಅಂದ್ಕೊಂಡಿದ್ದೆ, ದುಡ್ಡು ಬಂದ್ರೂ ಹೋಗ್ಲಿಲ್ವಲ್ಲ. ಮಾರನೇ ದಿನ ಬಾಮೈದ ಆಸ್ಪತ್ರೆಗೆ ಕರ್ಕೊಂಡೋದ. ನಮ್ ಕಡೆ ಅದನ್ನ ‘ನರದ ವೀಕ್ನೆಸ್ಸು’ ಅಂತಾರೆ, ನಾನೂ ಎಲ್ರಿಗೂ ಹಂಗೇ ಹೇಳಿದ್ದೆ.

ಈಗ ಬೆಲೆ ಕೇಳ್ಬೇಡಿ. ಎಷ್ಟೋ ಸಲ ಕೀಳೋ ಕೂಲಿ ಹುಟ್ಟಲ್ಲ. ಆದ್ರೂ ರಾತ್ರಿ ನಿದ್ದೆ ಬತ್ತದೆ. ತೃಪ್ತಿ ಅಂದ್ರೆ ಅದೇನಾ ನಂಗೊತ್ತಿಲ್ಲ ಸಾರ್.

ಇನ್ನೊಂದು. ಸಾಲ ಇರೋನಿಗೆ ಬರೀ ಮಾತ್ರೆ ಸಾಕು ಅಂತ ನಾನು ಹೇಳಲ್ಲ. ಸಾವಿರದೈನೂರು ಅಡಿ ಕೊರೆಸಿ ಧೂಳು ಬಂದಿರೋನ ಮುಂದೆ ನಿಂತ್ಕಂಡು ‘ಪಾಸಿಟಿವ್ ಆಗಿರು’ ಅಂದ್ರೆ ತಪ್ಪಾಯ್ತದೆ. ಎರಡೂ ನಿಜ. ಕಾಯಿಲೆಗೆ ಔಷಧಿ ಬೇಕು, ಬದುಕಿಗೆ ಬೆಲೆನೂ ಬೇಕು.

ಚಿಂತಾಮಣಿ ಸಮಾಲೋಚಕಿ (ನವೆಂಬರ್ 24, ಬೆಳಗ್ಗೆ 7:50)

ಮೇಷ್ಟ್ರಿಗೆ ನಮಸ್ಕಾರ. ನಾನು ಹನ್ನೆರಡು ವರ್ಷದಿಂದ ಆಪ್ತ ಸಮಾಲೋಚನೆ ಮಾಡ್ತಿದ್ದೀನಿ. ನಿಮ್ಮನ್ನು ನೋಡದೆ ನಿಮ್ಮ ಕಾಯಿಲೆ ಬಗ್ಗೆ ತೀರ್ಪು ಹೇಳಲಾರೆ, ಆದರೆ ಆ ಎರಡು ಹಾಳೆಗಳ ಬಗ್ಗೆ ಹೇಳಬಲ್ಲೆ.

ಮೊದಲ ಹಾಳೆ ಕೇಳೋದು ಕಳೆದ ಎರಡು ವಾರದ ಬಗ್ಗೆ. ನಿದ್ದೆ, ಹಸಿವು, ಸುಸ್ತು, ಗಮನ, ನಿರಾಸಕ್ತಿ, ಸಾಯಬೇಕು ಅನ್ನೋ ಯೋಚನೆ. ಎಲ್ಲವೂ ಕೇಡಿನ ಪಟ್ಟಿ. ಅದರಲ್ಲಿ ಸೊನ್ನೆ ಬಂದರೆ ಕೇಡಿಲ್ಲ ಅಂತ ಅರ್ಥ, ಒಳ್ಳೆಯದಿದೆ ಅಂತಲ್ಲ. ಎರಡನೆಯದು 1985ರಲ್ಲಿ ಎಡ್ ಡೀನರ್ ಅನ್ನೋ ಮನಃಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು ಅಮೆರಿಕದಲ್ಲಿ ಮಾಡಿದ್ದು. ಅದು ಕೇಳೋದು ನಿಮ್ಮ ಇಡೀ ಬದುಕಿಗೆ ನೀವೇ ಎಷ್ಟು ಅಂಕ ಕೊಡ್ತೀರಿ ಅಂತ. 20 ಅಂದರೆ ಅತ್ತಲೂ ಅಲ್ಲ ಇತ್ತಲೂ ಅಲ್ಲ. 15ರಿಂದ 19 ಅಂದರೆ ಸ್ವಲ್ಪ ಅತೃಪ್ತಿ. ನಿಮ್ಮ 15 ಫೇಲು ಅಲ್ಲ. ಅಲ್ಲಿ ಪಾಸು–ಫೇಲು ಅನ್ನೋ ಗೆರೆಯೇ ಇಲ್ಲ.

ಆ ಐದು ವಾಕ್ಯ ಮತ್ತೊಮ್ಮೆ ತೆಗೆದು ನೋಡಿ. ಮೊದಲ ಮೂರು ಇವತ್ತಿನ ಬದುಕಿನ ಬಗ್ಗೆ. ಕೊನೆಯ ಎರಡು ಹಿಂದಕ್ಕೆ ತಿರುಗಿ ನೋಡೋದು: ಬೇಕಾದ ಮುಖ್ಯ ವಿಷಯಗಳು ಇದುವರೆಗೆ ಸಿಕ್ಕಿವೆಯಾ, ಇನ್ನೊಮ್ಮೆ ಬದುಕೋ ಅವಕಾಶ ಸಿಕ್ಕರೆ ಏನಾದರೂ ಬದಲಾಯಿಸ್ತೀರಾ. ನಿಮ್ಮ ಅಂಕ ಎಲ್ಲೆಲ್ಲಿ ಬಿದ್ದಿದೆ ಅಂತ ನೋಡಿ ಹೇಳ್ತೀರಾ? ಖಿನ್ನತೆಯಿಂದ ಎದ್ದು ಬಂದ ಎಷ್ಟೋ ಜನ ಆ ಕೊನೆಯ ಎರಡರಲ್ಲೇ ಸಿಕ್ಕಿಕೊಳ್ಳೋದನ್ನ ನನ್ನ ಕೆಲಸದಲ್ಲಿ ನೋಡಿದ್ದೀನಿ. ಕಳೆದುಹೋದ ಕಾಲದ ದುಃಖ ಅದು. ದುಃಖ ಬೇರೆ, ಖಿನ್ನತೆ ಬೇರೆ.

ಇನ್ನೊಂದು ಸಂಗತಿ ನಿಮಗೆ ಧೈರ್ಯ ಕೊಡಬಹುದು. 2006ರಲ್ಲಿ ಮಾರ್ಕ್ ಜಿಮ್ಮರ್‌ಮನ್ ಅನ್ನೋ ಅಮೆರಿಕದ ಮನೋವೈದ್ಯರು ಮತ್ತು ಅವರ ತಂಡ ಖಿನ್ನತೆಗೆ ಚಿಕಿತ್ಸೆ ತಗೊಳ್ತಿದ್ದ ಐನೂರಕ್ಕೂ ಹೆಚ್ಚು ಜನರನ್ನು ‘ನಿಮ್ಮ ಪ್ರಕಾರ ವಾಸಿಯಾಗೋದು ಅಂದರೆ ಏನು’ ಅಂತ ಕೇಳಿತು. ವೈದ್ಯರು ಲಕ್ಷಣಗಳನ್ನ ಎಣಿಸ್ತಾರೆ. ರೋಗಿಗಳು ಅತಿ ಮುಖ್ಯ ಅಂತ ಮುಂದೆ ಇಟ್ಟದ್ದು ಬೇರೆ: ನಾಳೆ ಬಗ್ಗೆ ಭರವಸೆ, ತನ್ನ ಮೇಲೆ ನಂಬಿಕೆ, ಮೊದಲಿನ ನಾನಾಗೋದು, ಮೊದಲಿನಂತೆ ಕೆಲಸ ಮಾಡೋದು. ಅಂದರೆ ನೀವು ಕೇಳ್ತಿರೋ ಪ್ರಶ್ನೆ ವಿಚಿತ್ರವಾದದ್ದಲ್ಲ. ಅದೇ ಸರಿಯಾದ ಪ್ರಶ್ನೆ. ಮುಂದಿನ ಸಲ ಡಾಕ್ಟರ ಮುಂದೆ ‘4 ಬಂತು’ ಅಂತ ಮುಗಿಸಬೇಡಿ, ‘ಇದೊಂದು ಉಳಿದಿದೆ’ ಅಂತಲೂ ಹೇಳಿ. ಸುಸ್ತು ಉಳಿದಿದ್ದರೆ ಥೈರಾಯ್ಡ್, ರಕ್ತಹೀನತೆ, ವಿಟಮಿನ್ ಬಿ12 ನೋಡಿಸಿದ್ದಾರಾ ಅಂತಲೂ ಕೇಳಿ. ಮಾತ್ರೆಯಿಂದಲೇ ಭಾವನೆ ಮೊಂಡಾಗೋದೂ ಉಂಟು, ಅದಕ್ಕೆ ಪ್ರಮಾಣ ಬದಲಾಯಿಸ್ತಾರೆ. ನೀವಾಗಿ ಬದಲಾಯಿಸಬೇಡಿ.

ನಮ್ಮ ಜಿಲ್ಲೆಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿತಲ್ಲ, ಅದಕ್ಕೂ ಮೊದಲು ಪ್ರಾಯೋಗಿಕವಾಗಿ ಮಾಡಿ ನೋಡಿದ್ದು ಕೋಲಾರ ಜಿಲ್ಲೆಯಲ್ಲಿ. ಸುಮಾರು 20 ಜನರಲ್ಲಿ ಒಬ್ಬರಿಗೆ ಬದುಕಿನ ಯಾವುದೋ ಹಂತದಲ್ಲಿ ಖಿನ್ನತೆ ಬಂದಿರುತ್ತೆ ಅಂತ ಆ ಸಮೀಕ್ಷೆ ಹೇಳ್ತು. ಖಿನ್ನತೆ ಇದ್ದ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮೇಷ್ಟ್ರೇ, ನಿಮ್ಮ ಶಾಲೆಯ ಸಿಬ್ಬಂದಿಯಲ್ಲಿ, ನೀವು ಹತ್ತೋ ಬಸ್ಸಿನಲ್ಲಿ ಇನ್ನೊಬ್ಬರು ಇರ್ತಾರೆ.

ಗಣಿತ ಮೇಷ್ಟ್ರು (ನವೆಂಬರ್ 24, ಸಂಜೆ 6:30)

ಮೇಡಂ, ಈಗ ತಾನೇ ಹಾಳೆ ತೆಗೆದು ನೋಡಿದೆ. ಮೊದಲ ಮೂರಕ್ಕೆ 4, 4, 4. ನಾಲ್ಕನೆಯದಕ್ಕೆ 2. ಐದನೆಯದಕ್ಕೆ 1.

ಇಷ್ಟು ದಿನ ಬರೀ ಮೊತ್ತ ನೋಡ್ತಿದ್ದೆ. ಮಕ್ಕಳಿಗೆ ದಿನಾ ‘ಹಂತ ತೋರಿಸಿ, ಬರೀ ಉತ್ತರಕ್ಕೆ ಅಂಕ ಇಲ್ಲ’ ಅಂತ ಹೇಳೋನು ನಾನು.

ಐದನೆಯದಕ್ಕೆ ಯಾಕೆ 1 ಅಂತ ಗೊತ್ತು. ಕಳೆದ ವರ್ಷ ನನ್ನ ಮಗಳು ಹತ್ತನೇ ತರಗತಿ. ಊರ ಮಕ್ಕಳಿಗೆಲ್ಲ ಹೇಳಿಕೊಟ್ಟೆ, ಅವಳ ಪರೀಕ್ಷೆ ಹೊತ್ತಿಗೆ ಅವಳ ಪಕ್ಕ ಕೂರಲಿಲ್ಲ. ಪುಸ್ತಕ ಹಿಡಿದು ಬಂದು ಬಾಗಿಲ ಹತ್ರ ನಿಂತು, ನನ್ನ ಮುಖ ನೋಡಿ ವಾಪಸ್ ಹೋಗ್ತಿದ್ದಳು. ಪಾಸಾದಳು, ಒಳ್ಳೆ ಅಂಕವೇ ಬಂತು. ಆದರೆ ಆ ಬಾಗಿಲು ನನ್ನ ಕಣ್ಣ ಮುಂದೆ ಹಾಗೇ ಇದೆ.

ಬೇತಮಂಗಲದ ಅಮ್ಮ (ನವೆಂಬರ್ 24, ರಾತ್ರಿ 11:50)

ಸರ್, ನಿಮ್ಮ ಬಾಗಿಲಿನ ಮಾತು ಓದಿ ನಿದ್ದೆ ಬರ್ತಿಲ್ಲ, ಅದಕ್ಕೆ ಬರೀತಿದ್ದೀನಿ. ನನಗೆ ಬಾಣಂತನದಲ್ಲಿ ಖಿನ್ನತೆ ಬಂತು. ಮನೆಯವರು ‘ಬಾಣಂತಿ ಸನ್ನಿ’ ಅಂತ ಹೆದರಿದರು. ಅದಲ್ಲ ಇದು, ಖಿನ್ನತೆ, ವಾಸಿಯಾಗುತ್ತೆ ಅಂತ ಡಾಕ್ಟರ್ ಬಿಡಿಸಿ ಹೇಳಿದ ಮೇಲೆ ಅಮ್ಮ ಸುಮ್ಮನಾದಳು. ಮಗುವಿನ ಮೊದಲ ಆರು ತಿಂಗಳು ನನಗೆ ನೆನಪಿಲ್ಲ. ಬೋರಲು ಬಿದ್ದದ್ದು ಯಾವಾಗ, ಮೊದಲ ಸಲ ನಕ್ಕದ್ದು ಯಾವಾಗ, ಎಲ್ಲ ಅಮ್ಮ ಹೇಳಿದ್ದು. ಈಗ ಅವನಿಗೆ ಐದು ವರ್ಷ. ನಾನು ಚೆನ್ನಾಗಿದ್ದೀನಿ, ನಿಜವಾಗಲೂ. ಆದರೆ ಆ ಆರು ತಿಂಗಳು ಯಾರೂ ವಾಪಸ್ ಕೊಡಲ್ಲ. ಮೊದಲು ಇದನ್ನ ಹೇಳಿದ್ರೆ ‘ಈಗ ಚೆನ್ನಾಗಿದ್ದೀಯಲ್ಲ ಬಿಡು’ ಅಂತಿದ್ರು. ಒಂದು ದಿನ ಅಮ್ಮನ ಮುಂದೆ ಕೂತು, ಒಂದೊಂದೇ ತಿಂಗಳು ಹೇಳು ಅಂತ ಕೇಳಿ ನೋಟ್‌ಬುಕ್ಕಿನಲ್ಲಿ ಬರ್ಕೊಂಡೆ. ಅತ್ಕೊಂಡೇ ಬರ್ಕೊಂಡೆ. ಆಮೇಲೆ ಸ್ವಲ್ಪ ಹಗುರ ಆಯ್ತು.

ಮಗಳ ಹತ್ರ ಆ ಬಾಗಿಲಿನ ವಿಷಯ ಮಾತಾಡಿದ್ದೀರಾ?

ಮಾರಿಕುಪ್ಪಂ ರೈಲು, ಕೆಜಿಎಫ್ (ನವೆಂಬರ್ 25, ಬೆಳಗ್ಗೆ 6:40)

ಬರೀತೀನಿ ಅಂದಿದ್ದೆ, ರೈಲಲ್ಲಿ ಕೂತು ಬರೀತಿದ್ದೀನಿ.

ನಮ್ಮ ತಾತ, ಅಪ್ಪ ಇಬ್ಬರೂ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಅಪ್ಪನಿಗೆ ಆಗಲೂ ಊಟ ಇತ್ತು, ಸೂರು ಇತ್ತು, ಆದರೆ ಬೆಳಗ್ಗೆ ಸೈರನ್ ಆಗದ ಮೇಲೆ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ವರಾಂಡದಲ್ಲಿ ಕೂತೇ ಇರ್ತಿದ್ದರು. ಅದು ಖಿನ್ನತೆ ಅಂತ ನಮಗೆ ಯಾರಿಗೂ ತಿಳೀಲಿಲ್ಲ. ಸಿಡುಕ ಅಂತ ಅಂದ್ಕೊಂಡಿದ್ವಿ. ಈ ಮಾತು ಹೇಳೋವಾಗ ಈಗಲೂ ನನಗೆ ಸಂಕಟ ಆಗುತ್ತೆ.

ನಮ್ಮ ಊರಿನ ಸಾವಿರಾರು ಜನ ದಿನಾ ಈ ರೈಲಲ್ಲೇ ಬೆಂಗಳೂರಿಗೆ ದುಡಿಯೋಕೆ ಹೋಗೋದು. ನಾನೂ ಅಷ್ಟೇ. ನನಗೆ ಕಾಯಿಲೆ ಬಂದಾಗ ನಾಲ್ಕು ತಿಂಗಳು ಹೋಗಲಿಲ್ಲ. ಆಫೀಸಿನಲ್ಲಿ ಕಾಮಾಲೆ ಅಂತ ಹೇಳಿದ್ದೆ. ವಾಪಸ್ ಬಂದ ದಿನ ನಮ್ಮ ಬೋಗಿಯಲ್ಲಿ ಕಿಟಕಿ ಪಕ್ಕದ ನನ್ನ ಜಾಗ ಖಾಲಿ ಬಿಟ್ಟಿದ್ರು. ಯಾರೂ ಏನೂ ಕೇಳಲಿಲ್ಲ. ಬಂಗಾರಪೇಟೆ ಬಂದಾಗ ಒಬ್ಬರು ಇಡ್ಲಿ ಡಬ್ಬಿ ಮುಂದೆ ಚಾಚಿದರು, ಅಷ್ಟೇ. ಅವರ ಮನೆಗೆ ನಾನು ಇದುವರೆಗೆ ಹೋಗಿಲ್ಲ, ಅವರು ನಮ್ಮನೆಗೆ ಬಂದಿಲ್ಲ.

ತೃಪ್ತಿ ಅಂದ್ರೆ ಏನು ಅಂತ ನನ್ನ ಕೇಳಿದ್ರೆ ಅದು ಒಳಗಿನಿಂದ ಬರೋದು ಅಂತ ನಾನು ಒಪ್ಪಲ್ಲ. ನಾನಿಲ್ಲದೆ ಹೋದ್ರೆ ಎಲ್ಲೋ ಒಂದು ಜಾಗ ಖಾಲಿ ಇರುತ್ತೆ ಅಂತ ಗೊತ್ತಾಗಬೇಕು. ನಮ್ಮಪ್ಪನಿಗೆ ಅದೇ ಸಿಗಲಿಲ್ಲ.

ಮಾಲೂರು ಮನೆ (ನವೆಂಬರ್ 25, ಮಧ್ಯಾಹ್ನ 3:10)

ಎಲ್ಲರೂ ಕಾಯಿಲೆ ಬಂದವರ ಕಡೆಯಿಂದ ಬರೆದಿದ್ದೀರಿ. ನಾನು ಪಕ್ಕದಲ್ಲಿ ಕೂತಿದ್ದವಳು. ನನ್ನ ಯಜಮಾನರು ವಾಸಿಯಾಗಿ ಎಂಟು ತಿಂಗಳು. ಈಗ ನಾನು ಸುಸ್ತಾಗಿದ್ದೀನಿ. ಎರಡು ವರ್ಷ ಅವರ ಮಾತ್ರೆ ಎಣಿಸಿದ್ದೀನಿ, ರಾತ್ರಿ ಬಾಗಿಲ ಸದ್ದಿಗೆ ಎದ್ದಿದ್ದೀನಿ, ನೆಂಟರ ಮದುವೆಗೆ ಒಬ್ಬಳೇ ಹೋಗಿ ಸುಳ್ಳು ಕಾರಣ ಹೇಳಿದ್ದೀನಿ. ಈಗ ಅವರು ನಗ್ತಾರೆ, ನನಗೆ ನಗು ಬರಲ್ಲ. ಇವತ್ತೂ ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ನನ್ನ ಎದೆ ಹೊಡ್ಕೊಳುತ್ತೆ.

ಮೇಷ್ಟ್ರೇ, ನಿಮ್ಮ ಮನೆಯವರು ‘ಚೆನ್ನಾಗಿದ್ದೀರ ಅಲ್ವಾ’ ಅಂತ ಕೇಳ್ತಾರಲ್ಲ, ಅದು ಅವರ ಭಯ. ‘ಹ್ಞೂಂ’ ಅಂತ ಒಂದೇ ಮಾತಲ್ಲಿ ಮುಚ್ಚಬೇಡಿ. ‘ನಿದ್ದೆ ಸರಿಯಾಗಿದೆ, ಮನಸ್ಸು ಇನ್ನೂ ಪೂರ್ತಿ ಇಲ್ಲ’ ಅಂತ ಹೇಳಿದ್ರೆ ನಮಗೆ ಭಯ ಜಾಸ್ತಿ ಆಗಲ್ಲ, ಕಡಿಮೆ ಆಗುತ್ತೆ. ಆಮೇಲೆ ‘ನೀನು ಹೇಗಿದ್ದೀಯ’ ಅಂತ ಒಂದು ಸಲ ಕೇಳಿ.

ಚಿಂತಾಮಣಿ ಸಮಾಲೋಚಕಿ (ನವೆಂಬರ್ 25, ಸಂಜೆ 5:00)

ಮಾಲೂರು ಅಕ್ಕ, ನೀವೂ ಯಾರ ಹತ್ರವಾದರೂ ಮಾತಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ನೋಡಿಕೊಳ್ಳೋರೂ ಕರೆ ಮಾಡಬಹುದು, ಕಾಯಿಲೆ ಇರೋರೇ ಆಗಬೇಕು ಅಂತಿಲ್ಲ. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ.

ಗುಡಿಬಂಡೆ (ನವೆಂಬರ್ 26, ಬೆಳಗ್ಗೆ 10:25)

ನಾನು ಮಾಡಿದ ತಪ್ಪು ಇಲ್ಲಿ ಬರೀಬೇಕು ಅನ್ನಿಸ್ತು. ಮಾತ್ರೆ ಶುರು ಮಾಡಿ ಮೂರು ತಿಂಗಳಿಗೆ ಚೆನ್ನಾಗಾಯ್ತು. ‘ಮಾತ್ರೆ ತಗೊಂಡು ಬರೋ ಖುಷಿ ನಿಜವಾದ ಖುಷಿ ಅಲ್ಲ’ ಅಂತ ಸ್ನೇಹಿತ ಅಂದ. ನನಗೂ ಹೌದು ಅನ್ನಿಸಿ ಒಂದೇ ಸಲಕ್ಕೆ ನಿಲ್ಲಿಸಿದೆ. ನಾಲ್ಕೈದು ದಿನಕ್ಕೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ, ತಲೆಸುತ್ತು, ಕೆಟ್ಟ ಕನಸು. ಅದು ಕಡಿಮೆ ಆಯ್ತು. ಎರಡು ತಿಂಗಳಿಗೆ ಕಾಯಿಲೆ ವಾಪಸ್ ಬಂತು, ಮೊದಲಿಗಿಂತ ಜೋರಾಗಿ.

ವಾಸಿಯಾದ ಮೇಲೂ ಆರರಿಂದ ಒಂಬತ್ತು ತಿಂಗಳು ತಗೋಬೇಕು, ಮತ್ತೆ ಮತ್ತೆ ಬಂದವರಿಗೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು, ನಿಲ್ಲಿಸೋವಾಗ ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು ಅಂತ ಆಮೇಲೆ ತಿಳೀತು. ನನ್ನದು ಈಗ ಹದಿನೇಳನೇ ತಿಂಗಳು. ಶುಗರ್ ಇರೋರು ಮಾತ್ರೆ ನುಂಗಿ ಮದುವೆ ಊಟ ಮಾಡಿದ್ರೆ ಆ ಊಟದ ರುಚಿ ಸುಳ್ಳು ಅಂತ ಯಾರೂ ಅನ್ನಲ್ಲ. ನನ್ನ ಖುಷಿಯನ್ನ ಮಾತ್ರ ಯಾಕೆ ಅನುಮಾನಿಸ್ತಾರೆ?

ಆವಣಿ ಬೆಟ್ಟ (ನವೆಂಬರ್ 26, ರಾತ್ರಿ 8:45)

ಎಲ್ಲವನ್ನೂ ಓದಿದೆ. ರೇಷ್ಮೆಗೂಡು ಅಮ್ಮ ಬರೆದ ಬಜ್ಜಿಯ ವಿಷಯ ಎರಡು ಸಲ ಓದಿದೆ. ನನ್ನ ತಮ್ಮ ಎರಡು ವರ್ಷದಿಂದ ಮನೆಯಿಂದ ಹೊರಗೆ ಬರುತ್ತಿಲ್ಲ. ಅವನಿಗೂ ನಾನು ಬೆಟ್ಟ ಹತ್ತು, ಧ್ಯಾನ ಮಾಡು ಅಂತಲೇ ಹೇಳುತ್ತಾ ಬಂದಿದ್ದೇನೆ. ಎದ್ದು ಬರಲು ಅವನಿಗೆ ಆಗುತ್ತಿಲ್ಲವೇನೋ ಎಂಬುದು ನನಗೆ ಹೊಳೆದಿರಲಿಲ್ಲ. ಎಲ್ಲಿಗೆ ಕರೆದುಕೊಂಡು ಹೋಗಬೇಕು?

ಟೊಮೆಟೊ ಬಾಕ್ಸ್ (ನವೆಂಬರ್ 26, ರಾತ್ರಿ 9:10)

ಅಣ್ಣಾ, ತಾಲ್ಲೂಕು ಆಸ್ಪತ್ರೆಗಳಾಗೆ ಮಂಗಳವಾರ ‘ಮನೋಚೈತನ್ಯ’ ಅಂತ ಮಾಡ್ತಾರೆ, ಮನೋವೈದ್ಯರು ಬತ್ತಾರೆ. ನಾನು ಹೋಗಿದ್ದೂ ಅಲ್ಲಿಗೇ. ಮಾತ್ರೆ ಅಲ್ಲೇ ಕೊಟ್ರು. ನಿಮ್ ಆಸ್ಪತ್ರೆನಾಗೆ ಯಾವ್ ಹೊತ್ತಿಗೆ ಅಂತ ಮೊದ್ಲೇ ಒಂದು ಫೋನ್ ಮಾಡ್ಕಳಿ. ತಮ್ಮ ಬರಲ್ಲ ಅಂದ್ರೆ ಬಲವಂತ ಬ್ಯಾಡ, ಮೊದ್ಲು ನೀವೇ ಹೋಗಿ ಕೇಳ್ಕೊಂಡು ಬನ್ನಿ. ನಮ್ ಬಾಮೈದ ನಂಗೆ ಏನೂ ಬುದ್ಧಿ ಹೇಳ್ಲಿಲ್ಲ. ‘ನಿದ್ದೆಗೆ ಏನಾದ್ರೂ ಕೊಡ್ತಾರೆ ಬಾ, ನಾನೂ ಬಿಪಿ ತೋರಿಸ್ಕತೀನಿ’ ಅಂದ. ಬೈಕ್ ಹಿಂದೆ ಕೂತ್ಕಂಡೆ.

ನಿರ್ವಾಹಕರು (ನವೆಂಬರ್ 26, ರಾತ್ರಿ 9:40)

ಈ ಚರ್ಚೆ ಓದುತ್ತಿರುವವರಲ್ಲಿ ಯಾರಿಗಾದರೂ ಬದುಕೇ ಬೇಡ ಎನ್ನಿಸುತ್ತಿದ್ದರೆ ಇಲ್ಲಿ ಉತ್ತರ ಬರುವವರೆಗೆ ಕಾಯಬೇಡಿ. ಹತ್ತಿರದವರಿಗೆ ಹೇಳಿ, 14416ಕ್ಕೆ ಕರೆ ಮಾಡಿ, ಅಪಾಯ ಎನ್ನಿಸಿದರೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಮಾತ್ರೆಯ ಹೆಸರು, ಪ್ರಮಾಣ ಇಲ್ಲಿ ಬರೆಯಬೇಡಿ ಎಂದು ಮತ್ತೆ ನೆನಪಿಸುತ್ತೇವೆ.

ರೇಷ್ಮೆಗೂಡು, ಶಿಡ್ಲಘಟ್ಟ (ನವೆಂಬರ್ 28, ಮಧ್ಯಾಹ್ನ 1:30)

ಗುಡಿಬಂಡೆ ತಮ್ಮ, ಶುಗರ್ ಮಾತು ಚೆನ್ನಾಗಿ ಹೇಳಿದ್ದೀಯ. ನಮ್ಮತ್ತೆಗೆ ಓದಿ ಹೇಳಿದೆ. ಅವರಿಗೂ ಶುಗರ್ ಇದೆ. ಏನೂ ಮಾತಾಡಲಿಲ್ಲ, ರಾತ್ರಿ ಅವರ ಮಾತ್ರೆ ಡಬ್ಬಿ ಪಕ್ಕದಲ್ಲೇ ನನ್ನ ಮಾತ್ರೆನೂ ತಂದಿಟ್ಟಿದ್ರು. ಮೂರು ವರ್ಷದಲ್ಲಿ ಇದೇ ಮೊದಲು.

ಗಣಿತ ಮೇಷ್ಟ್ರು (ಡಿಸೆಂಬರ್ 21, ರಾತ್ರಿ 9:55)

ಒಂದು ತಿಂಗಳಾಯ್ತು, ಬರೆದಿರಲಿಲ್ಲ. ಕ್ಷಮಿಸಿ.

ಚಿಂತಾಮಣಿ ಮೇಡಂ ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರ್ಕೊಂಡು ಡಾಕ್ಟರ ಹತ್ರ ಹೋಗಿ ಕೇಳಿದೆ. ರಕ್ತ ಪರೀಕ್ಷೆಯಲ್ಲಿ ಬಿ12 ಕಡಿಮೆ ಇತ್ತು, ಅದಕ್ಕೆ ಇಂಜೆಕ್ಷನ್ ಶುರುವಾಗಿದೆ. ಸಮಾಲೋಚನೆಗೂ ಹೋಗ್ತಿದ್ದೀನಿ, ಮೂರು ಸಲ ಆಯ್ತು.

ಹೆಂಡತಿಗೆ ‘ನೀನು ಹೇಗಿದ್ದೀಯ’ ಅಂತ ಕೇಳಿದೆ. ಅವಳು ಸಾರಿಗೆ ಒಗ್ಗರಣೆ ಹಾಕ್ತಿದ್ದಳು. ಒಲೆ ಆರಿಸಿ ಅಲ್ಲೇ ಕೆಳಗೆ ಕೂತುಬಿಟ್ಟಳು. ಒಂದು ಗಂಟೆ ಮಾತಾಡಿದಳು. ನಾನು ಎದ್ದು ಅನ್ನಕ್ಕಿಟ್ಟೆ.

ಈಗ ಅವರೆಕಾಯಿ ಕಾಲ, ನಿಮಗೆಲ್ಲ ಗೊತ್ತು. ಹೋದ ವರ್ಷ ಪೂರ್ತಿ ಕಾಲ ಕಳೆದರೂ ನನಗೆ ಸೊಗಡೇ ತಿಳಿದಿರಲಿಲ್ಲ, ಮೂಗು ಬಾಯಿ ಎರಡೂ ಸತ್ತ ಹಾಗೆ. ಮೊನ್ನೆ ಭಾನುವಾರ ಸಂತೆಯಿಂದ ಐದು ಕೆಜಿ ತಂದೆ. ಬಿಡಿಸಿ, ಕಾಳು ನೆನೆಹಾಕಿ, ರಾತ್ರಿ ಮೂವರೂ ಕೂತು ಹಿತುಕೋಕೆ ಶುರು ಮಾಡಿದ್ವಿ. ಹೆಬ್ಬೆರಳಿಗೂ ತೋರುಬೆರಳಿಗೂ ಮಧ್ಯೆ ಒತ್ತಿದ್ರೆ ಬೇಳೆ ಪುಸಕ್ಕಂತ ಆಚೆ ಹಾರುತ್ತಲ್ಲ, ಮಗಳು ಒಂದು ನನ್ನ ಕನ್ನಡಕಕ್ಕೆ ಹೊಡೆದಳು. ಕೈಯಲ್ಲಿ ಕೆಲಸ ಇದ್ದಾಗ ಮಾತಾಡೋದು ಸುಲಭ. ಬಾಗಿಲ ವಿಷಯ ಎತ್ತಿದೆ. ಅವಳು ತಲೆ ಎತ್ತಲಿಲ್ಲ. ‘ನಾನು ಡೌಟ್ ಕೇಳೋಕೆ ಬರ್ತಿರಲಿಲ್ಲಪ್ಪ. ನೀನು ಇದ್ದೀಯಾ ಅಂತ ನೋಡೋಕೆ ಬರ್ತಿದ್ದೆ’ ಅಂದಳು.

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಹಿತುಕ್ತಾ ಇದ್ವಿ. ಬೆಳಗ್ಗೆವರೆಗೂ ಬೆರಳಲ್ಲಿ ಸೊಗಡು ಇತ್ತು.

ಹಾಳೆ ಮತ್ತೆ ತುಂಬಿದೆ. 5, 4, 5, 3, 1. ಒಟ್ಟು 18. ಐದನೆಯದು 1 ಇದ್ದರೆ ಇರಲಿ ಅಂತ ಬಿಟ್ಟಿದ್ದೀನಿ.

ಬೇತಮಂಗಲದ ಅಮ್ಮ (ಡಿಸೆಂಬರ್ 21, ರಾತ್ರಿ 10:30)

ಸರ್, ನನ್ನದೂ ಐದನೆಯದು 1. ಇರಲಿ.

ಆವಣಿ ಬೆಟ್ಟ (ಡಿಸೆಂಬರ್ 22, ಬೆಳಗ್ಗೆ 5:50)

ತಮ್ಮ ನಾಳೆ ಮಂಗಳವಾರ ಬರುತ್ತೇನೆ ಎಂದಿದ್ದಾನೆ. ಸ್ನಾನ ಮಾಡಿ ಎಷ್ಟೋ ದಿನವಾಗಿತ್ತು, ನಿನ್ನೆ ಮಾಡಿದ. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಮೊದಲು ಏನು ಹೇಳಬೇಕು? ಕೂತಲ್ಲೇ ಸುಮ್ಮನಾಗಿಬಿಟ್ಟರೆ ಅವನ ಪರವಾಗಿ ನಾನು ಮಾತಾಡಬಹುದೇ?

ಟೊಮೆಟೊ ಬಾಕ್ಸ್ (ಡಿಸೆಂಬರ್ 22, ಬೆಳಗ್ಗೆ 6:15)

ಮೊದ್ಲು ಅವ್ನಿಗೇ ಬಿಡಿ ಅಣ್ಣಾ. ನಿದ್ದೆ ಹೆಂಗೈತೆ ಅಂತ ಡಾಕ್ಟ್ರು ಕೇಳ್ತಾರೆ, ಅಷ್ಟಕ್ಕೆ ಉತ್ತರ ಕೊಟ್ರೂ ಸಾಕು. ಆಮೇಲೆ ನೀವು ಮಾತಾಡಿ. ಯಾವಾಗ್ಲಿಂದ ಶುರುವಾಯ್ತು, ಊಟ ಎಷ್ಟು ಮಾಡ್ತಾನೆ, ಇವನ್ನ ಚೀಟಿಯಾಗೆ ಬರ್ಕೊಂಡೋಗಿ. ನಾಳೆ ನಂಗೂ ಮಾತ್ರೆ ತರೋದೈತೆ. ಮುಳಬಾಗಿಲಿಗೇ ಬತ್ತೀನಿ, ಬಸ್ ಸ್ಟ್ಯಾಂಡ್ ಹತ್ರ ಹತ್ತು ಗಂಟೆಗೆ ಇರ್ತೀನಿ. ಹಸಿರು ಟವೆಲ್ ಹಾಕ್ಕಂಡಿರ್ತೀನಿ.